ಅಂಗೈಯಗಲದ ಪಟ್ಟಿ ಹಿಡಿದು: ಅಕ್ರಾದಿಂದ ಲಾಗೋಸ್‌ವರೆಗೆ

ಮೊದಲ ದಿನ: ಅಕ್ರಾ

ಪಶ್ಚಿಮ ಆಫ್ರಿಕಾದ ನಾಲ್ಕು ದೇಶಗಳಲ್ಲಿ ಬಟ್ಟೆಗಳನ್ನು ನೋಡುತ್ತ ಹೋಗುವ ಹದಿನಾಲ್ಕು ದಿನದ ಪ್ರವಾಸ ಇದು. ಘಾನಾದ ರಾಜಧಾನಿ ಅಕ್ರಾದ ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ಜೊತೆ ಹಳದಿ ಜ್ವರದ ಲಸಿಕೆಯ ಕಾರ್ಡೂ ಕೈಯಲ್ಲಿರಬೇಕು. ಲಸಿಕೆ ಹಾಕಿಸಿಕೊಂಡು 10 ದಿನ ಕಳೆಯುವವರೆಗೆ ಆ ಕಾರ್ಡು ಲೆಕ್ಕಕ್ಕಿಲ್ಲ. ಹೊರಡುವ ವಾರ ಓಡಾಡಿ ಹಾಕಿಸಿಕೊಂಡವರು ಇಲ್ಲಿ ಸಿಕ್ಕಿಬೀಳುತ್ತಾರೆ. ಬೆಂಗಳೂರಿಗೆ ಮರಳುವಾಗಲೂ ಅದೇ ಕಾರ್ಡು ತೋರಿಸಬೇಕು. ಇಲ್ಲದಿದ್ದರೆ 6 ದಿನದವರೆಗೆ ಪ್ರತ್ಯೇಕವಾಗಿ ಇರಿಸಿಕೊಳ್ಳುವ ಅಧಿಕಾರ ನಮ್ಮ ಆರೋಗ್ಯ ಇಲಾಖೆಗಿದೆ. ಘಾನಾ, ಟೋಗೊ, ಬೆನಿನ್, ನೈಜೀರಿಯಾ ನಾಲ್ಕಕ್ಕೂ ಬೇರೆ ಬೇರೆ ವೀಸಾ. ಈ ದೇಶಗಳ ನಾಗರಿಕರು ಪರಸ್ಪರ ವೀಸಾ ಇಲ್ಲದೆ ಓಡಾಡುತ್ತಾರೆ, ಆ ಸವಲತ್ತು ನಮಗಿಲ್ಲ. ಟೋಗೊ ಮತ್ತು ಬೆನಿನ್ ವೀಸಾವನ್ನು ಆನ್‌ಲೈನ್‌ನಲ್ಲೇ ಪಡೆದು, ಮುದ್ರಿಸಿದ ಪ್ರತಿ ಇಟ್ಟುಕೊಂಡರೆ ಗಡಿಯಲ್ಲಿ ಮಾತು ಕಡಿಮೆ.

ಮಕೋಲಾ ಮಾರುಕಟ್ಟೆಗೆ ಮೊದಲ ದಿನ ಹೋಗುವುದು ಕೊಳ್ಳುವುದಕ್ಕಲ್ಲ, ಕಿವಿ ಪಳಗಿಸಿಕೊಳ್ಳುವುದಕ್ಕೆ. ಇಲ್ಲಿ ಬಟ್ಟೆಯನ್ನು ಬಣ್ಣದಿಂದ ಕೇಳುವುದಿಲ್ಲ, ಹೆಸರಿನಿಂದ ಕೇಳುತ್ತಾರೆ. ಚುಕ್ಕಿಗಳ ಉಂಗುರ ಹರಡಿಕೊಂಡ ನಮೂನೆ ‘ನ್ಸು ಬುರಾ’, ಅಂದರೆ ಬಾವಿ ನೀರು. ಹಾರುವ ಹಕ್ಕಿಗಳದ್ದು ‘ಸಿಕಾ ವೊ ನ್ಟಬಾನ್’, ದುಡ್ಡಿಗೆ ರೆಕ್ಕೆಯಿದೆ. ‘ಅಹ್ವೆನೆ ಪಾ ನ್ಕಾಸಾ’ ಎಂದರೆ ಒಳ್ಳೆಯ ಮಣಿ ಸದ್ದು ಮಾಡುವುದಿಲ್ಲ. ನಮ್ಮ ತುಂಬಿದ ಕೊಡದ ಗಾದೆಯನ್ನು ಹೆಗಲ ಮೇಲೆ ಹೊದ್ದು ನಡೆದಂತೆ. ಹೆಸರಿಡುವವರು ಕಾರ್ಖಾನೆಯವರಲ್ಲ, ಮಾರುವ ಹೆಂಗಸರು. ಹೆಸರು ಹತ್ತಿದ ಬಟ್ಟೆ ದಶಕಗಟ್ಟಲೆ ಓಡುತ್ತದೆ, ಹತ್ತದ್ದು ಒಂದೆರಡು ವರ್ಷದಲ್ಲಿ ಮೂಲೆಗೆ ಬೀಳುತ್ತದೆ.

ಎರಡನೆಯ ದಿನ: ಕುಮಾಸಿಯ ದಾರಿ

ಅಕ್ರಾದಿಂದ ಕುಮಾಸಿಗೆ ಸುಮಾರು 250 ಕಿ.ಮೀ. ಬಸ್ಸಿಗೆ ಐದಾರು ಗಂಟೆ, ವಿಮಾನಕ್ಕೆ ಮುಕ್ಕಾಲು ಗಂಟೆ. ಬೆಳಿಗ್ಗೆ ಬೇಗ ಹೊರಟರೆ ಮಧ್ಯಾಹ್ನ ಮನ್ಹಿಯಾ ಅರಮನೆಯ ವಸ್ತುಸಂಗ್ರಹಾಲಯಕ್ಕೆ ಸಮಯ ಸಿಗುತ್ತದೆ. 19ನೇ ಶತಮಾನದಲ್ಲಿ ಬ್ರಿಟಿಷರು ದೋಚಿದ, ಕುಮಾಸಿ ರಾಜಧಾನಿಯಾಗಿದ್ದ ಅಶಾಂಟಿ ರಾಜ್ಯದ ಚಿನ್ನದ ಒಡವೆಗಳು 2024ರಲ್ಲಿ ಇಲ್ಲಿಗೆ ಬಂದವು. ಲಾಸ್ ಏಂಜಲೀಸ್‌ನ ಫೌಲರ್ ವಸ್ತುಸಂಗ್ರಹಾಲಯ 7 ವಸ್ತುಗಳನ್ನು ಪೂರ್ತಿ ಹಿಂದಿರುಗಿಸಿತು. ಲಂಡನ್ನಿನ ಎರಡು ವಸ್ತುಸಂಗ್ರಹಾಲಯಗಳು 32 ವಸ್ತುಗಳನ್ನು ಎರವಲು ಕೊಟ್ಟವು. ಕದ್ದದ್ದನ್ನು ಕಳೆದುಕೊಂಡವರಿಗೇ ಎರವಲು ಕೊಡುವ ಈ ಏರ್ಪಾಡು ಕುಮಾಸಿಯಲ್ಲಿ ಯಾರಿಗೂ ಹಿಡಿಸಿದಂತಿಲ್ಲ, ಹಿಡಿಸಬೇಕಾಗಿಯೂ ಇಲ್ಲ.

ಮೂರನೆಯ ದಿನ: ಬೊನ್ವಿರೆ

ಕುಮಾಸಿಯಿಂದ ಈಶಾನ್ಯಕ್ಕೆ 18 ಕಿ.ಮೀ. ಬಾಡಿಗೆ ಕಾರು ಬೇಡವೆಂದರೆ ‘ಟ್ರೊಟ್ರೊ’ ವ್ಯಾನ್ ಸಿಗುತ್ತದೆ, ತುಂಬಿದ ಮೇಲೆಯೇ ಹೊರಡುತ್ತದೆ. ಕಿರಿದಾದ ಪಟ್ಟಿಗಳನ್ನು ನೇಯ್ದು, ಅಂಚಿಗಂಚು ಹೊಲಿದು ಮಾಡುವ ‘ಕೆಂಟೆ’ ಬಟ್ಟೆಯ ತವರು ಇದು. ಕುರುಗು, ಅಮೆಯಾವ್ ಎಂಬ ಇಬ್ಬರು ಕಾಡಿನಲ್ಲಿ ಜೇಡ ಬಲೆ ನೇಯುವುದನ್ನು ನೋಡಿ ಕಲಿತರು ಎಂದು ಊರಿನ ಕಥೆ. ಯುನೆಸ್ಕೊ 2024ರ ಡಿಸೆಂಬರಿನಲ್ಲಿ ಕೆಂಟೆ ನೇಯ್ಗೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಮಗ್ಗದ ಮುಂದೆ ಒಂದು ಗಂಟೆಯಾದರೂ ಕೂರಬೇಕು. ಮಗ್ಗ ಚಿಕ್ಕದು, ಅದರ ಹಾಸು, ಅಂದರೆ ಉದ್ದಕ್ಕೆ ಎಳೆದು ಕಟ್ಟಿದ ಎಳೆಗಳು, ಮಾತ್ರ ಅಂಗಳದುದ್ದಕ್ಕೂ ಚಾಚಿಕೊಂಡಿರುತ್ತದೆ. ಹಾಸಿನ ತುದಿಯನ್ನು ದೂರದಲ್ಲಿ ಒಂದು ಮರದ ಜಾರುಬಂಡಿಗೆ ಕಟ್ಟಿ, ಅದರ ಮೇಲೆ ಕಲ್ಲು ಹೇರಿರುತ್ತಾರೆ. ನೇಯ್ದಷ್ಟು ಬಟ್ಟೆಯನ್ನು ನೇಕಾರ ತನ್ನ ಹೊಟ್ಟೆಯ ಬಳಿಯ ದಿಂಡಿಗೆ ಸುತ್ತಿಕೊಂಡ ಹಾಗೆಲ್ಲ ಜಾರುಬಂಡಿ ನೆಲ ಕೆರೆಯುತ್ತ ಒಂದಿಷ್ಟು ಹತ್ತಿರ ಬರುತ್ತದೆ. ಹಾಸಿನ ಬಿಗಿ ನಿಲ್ಲುವುದು ಆ ಕಲ್ಲಿನ ತೂಕದಿಂದ. ತೂಕ ಸಾಲದಿದ್ದರೆ ಎಳೆಗಳು ಜೋತುಬಿದ್ದು ಹೊಕ್ಕು, ಅಂದರೆ ಅಡ್ಡಕ್ಕೆ ಹಾಯುವ ನೂಲು, ಅಲೆಯಲೆಯಾಗಿ ಕೂರುತ್ತದೆ, ಹೆಚ್ಚಾದರೆ ಎಳೆ ಕಡಿಯುತ್ತದೆ.

ಎಳೆ ಎತ್ತುವ ಚೌಕಟ್ಟುಗಳು ಎರಡು ಜೋಡಿ. ಅವುಗಳಿಂದ ಇಳಿದ ಹಗ್ಗಗಳನ್ನು ನೇಕಾರ ಕಾಲ್ಬೆರಳ ಸಂದಿನಲ್ಲಿ ಹಿಡಿದು ಎಳೆಯುತ್ತಾನೆ. ಒಂದು ಜೋಡಿ ಎಳೆಗಳನ್ನು ಒಂದು ಬಿಟ್ಟು ಒಂದರಂತೆ ಎತ್ತುತ್ತದೆ. ಆಗ ಹಾಸಿನ ಬಣ್ಣದ ಉದ್ದಗೆರೆ ಎದ್ದು ಕಾಣುತ್ತದೆ. ಇನ್ನೊಂದು ಜೋಡಿ ಎಳೆಗಳನ್ನು ಆರಾರರ ಗುಂಪಾಗಿ ಎತ್ತುತ್ತದೆ. ಆಗ ಹೊಕ್ಕಿನ ನೂಲು ಒತ್ತೊತ್ತಾಗಿ ಕೂತು ಹಾಸನ್ನು ಪೂರ್ತಿ ಮುಚ್ಚಿ ಗಟ್ಟಿ ಬಣ್ಣದ ಚೌಕ ಮೂಡುತ್ತದೆ. ಒಂದೇ ಪಟ್ಟಿಯಲ್ಲಿ ಒಮ್ಮೆ ಉದ್ದಗೆರೆ, ಒಮ್ಮೆ ಅಡ್ಡ ಚೌಕ ಬರುವ ಗುಟ್ಟು ಇಷ್ಟೇ: ಕಾಲು ಒಂದು ಜೋಡಿ ಬಿಟ್ಟು ಇನ್ನೊಂದನ್ನು ಹಿಡಿಯಿತು. ಇದರ ಮೇಲೆ ಬೇರೆ ಲಾಳಿಯಿಂದ ಹೆಚ್ಚುವರಿ ಹೊಕ್ಕು ಹಾಯಿಸಿ ಚಿತ್ತಾರ ಕೂರಿಸುತ್ತಾರೆ. ಆ ಹೊಕ್ಕು ಒಂಟಿಯಾದರೆ ಕೆಳಗಿನ ಮೂಲ ಬಟ್ಟೆ, ಅಂದರೆ ನೆಲ, ಇಣುಕುತ್ತದೆ. ಜೋಡಿಯಾದರೆ ನೆಲ ಕಾಣುವುದೇ ಇಲ್ಲ, ಇದನ್ನು ‘ಫಪ್ರೆನು’ ಎನ್ನುತ್ತಾರೆ. ನೂಲು, ದಿನ, ದರ ಮೂರೂ ಜಾಸ್ತಿ.

ಪಟ್ಟಿಯ ಅಗಲ ಸುಮಾರು 10 ಸೆಂ.ಮೀ., ನಾಲ್ಕು ಬೆರಳು ಜೋಡಿಸಿಟ್ಟು ಹೆಬ್ಬೆರಳು ಸೇರಿಸಿದಷ್ಟು. ಗಂಡಸಿನ ದೊಡ್ಡ ಹೊದಿಕೆಗೆ ಇಂಥ 20ರಿಂದ 24 ಪಟ್ಟಿ ಬೇಕು. ಅವನ್ನು ಅಂಚಿಗಂಚು ಸೇರಿಸಿ ಹೊಲಿಯುವಾಗ ಒಂದು ಪಟ್ಟಿಯ ಗಟ್ಟಿ ಚೌಕದ ಪಕ್ಕ ಇನ್ನೊಂದರ ಉದ್ದಗೆರೆ ಬರಬೇಕು, ಹಾಗೆ ಬಂದರೆ ಇಡೀ ಬಟ್ಟೆ ಚದುರಂಗದ ಮಣೆ. ಎಡವಟ್ಟಾಗುವುದು ಇಲ್ಲೇ. ಹೊಕ್ಕನ್ನು ಬಡಿದು ಕೂರಿಸುವ ಜೋರು ದಿನದಿಂದ ದಿನಕ್ಕೆ ಬದಲಾದರೆ ಚೌಕದ ಉದ್ದ ಒಂದೆರಡು ಮಿಲಿಮೀಟರ್ ಹೆಚ್ಚುಕಡಿಮೆಯಾಗುತ್ತದೆ. ಒಂದು ಪಟ್ಟಿಯಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ. ಪಟ್ಟಿಯ ಕೊನೆಗೆ ಬರುವಷ್ಟರಲ್ಲಿ ವ್ಯತ್ಯಾಸ ಕೂಡಿಕೂಡಿ ಚೌಕಗಳು ಒಂದಕ್ಕೊಂದು ತಪ್ಪಿ ನಿಲ್ಲುತ್ತವೆ. ಹಾಗಾಗಿ ಕೊಳ್ಳುವಾಗ ನಡುಭಾಗ ನೋಡಿದರೆ ಸಾಲದು, ನಾಲ್ಕೂ ಮೂಲೆ ಬಿಚ್ಚಿಸಿ ನೋಡಬೇಕು. ರೇಷ್ಮೆ ಸೀರೆಯ ಸೆರಗು ಮಗುಚಿ ನೋಡುವ ಅಭ್ಯಾಸವಿದ್ದವರಿಗೆ ಉಳಿದದ್ದನ್ನು ಹೇಳಿಕೊಡಬೇಕಾಗಿಲ್ಲ: ಹಿಂಬದಿ ಮಾಸಲಾಗಿದ್ದು ನಾಲ್ಕಂಗುಲಕ್ಕೊಂದು ಹೊಲಿಗೆ ಇಲ್ಲದಿದ್ದರೆ ಅದು ಅಚ್ಚು ಹಾಕಿದ ಗಿರಣಿ ಬಟ್ಟೆ. ಅದರಲ್ಲಿ ತಪ್ಪೇನಿಲ್ಲ, ನೇಯ್ದದ್ದರ ಬೆಲೆ ಕೊಡಬಾರದು ಅಷ್ಟೆ.

ಇಲ್ಲಿಯೂ ಪ್ರತಿ ನಮೂನೆಗೂ ಹೆಸರು. ರಾಷ್ಟ್ರನಾಯಕ ಎನ್‌ಕ್ರುಮಾ ಈಜಿಪ್ಟಿನ ಫಾತಿಯಾರನ್ನು ಮದುವೆಯಾದಾಗ ಒಂದು ಕೆಂಟೆ ‘ಫಾತಿಯಾ ಫಟಾ ಎನ್‌ಕ್ರುಮಾ’ ಆಯಿತು, ಫಾತಿಯಾ ಎನ್‌ಕ್ರುಮಾಗೆ ಒಪ್ಪುತ್ತಾಳೆ ಎಂದು. 1966ರಲ್ಲಿ ಸೇನೆ ಅವರನ್ನು ಇಳಿಸಿದ ಮೇಲೆ ಅದೇ ನಮೂನೆಗೆ ‘ಒಬ್ಬನೇ ದೇಶ ಆಳಲಾರ’ ಎಂಬ ಅರ್ಥದ ಹೆಸರು ಬಂತು. ಬಣ್ಣ ಬದಲಾಗಲಿಲ್ಲ, ಗೆರೆ ಬದಲಾಗಲಿಲ್ಲ.

ನಾಲ್ಕನೆಯ ದಿನ: ನ್ಟೊನ್ಸೊ

ಇದೂ ಕುಮಾಸಿಯ ಹತ್ತಿರವೇ, 20 ಕಿ.ಮೀ. ಆಸುಪಾಸು. ಇಲ್ಲಿಯ ಕಸುಬು ಅಡಿಂಕ್ರಾ: ಬಟ್ಟೆಯ ಮೇಲೆ ಮರದ ತೊಗಟೆಯ ಶಾಯಿಯಲ್ಲಿ ಮುದ್ರೆ ಒತ್ತುವುದು. ‘ಬದಿಯೆ’ ಮರದ ತೊಗಟೆಯನ್ನು ನೀರಲ್ಲಿ ನೆನೆಹಾಕಿ, ಒರಳಲ್ಲಿ ಕುಟ್ಟಿ, ಗಂಟೆಗಟ್ಟಲೆ ಕುದಿಸಿ ಸೋಸುತ್ತಾರೆ. ಸೋಸಿದ್ದನ್ನು ಮತ್ತೆ ಒಲೆಗೇರಿಸಿ ಪಾಕದ ಹದಕ್ಕೆ ಇಳಿಸುತ್ತಾರೆ. ಕೈಯಿಂದ ಎತ್ತಿದರೆ ಎಳೆಯಾಗಿ ಬೀಳಬೇಕು. ಅವಸರಕ್ಕೆ ತೆಳ್ಳಗೇ ಇಳಿಸಿದರೆ ಶಾಯಿ ನೂಲಿನಗುಂಟ ಹರಡಿ ಮುದ್ರೆಯ ಅಂಚು ಮಸುಕಾಗುತ್ತದೆ. ಹದ ಮೀರಿದರೆ ಕೆತ್ತನೆಯ ಸಂದಿನಲ್ಲಿ ಸಿಕ್ಕಿ ಚಿತ್ರವೇ ಮುಚ್ಚಿಹೋಗುತ್ತದೆ.

ಮುದ್ರೆ ಕೆತ್ತುವುದು ದಪ್ಪ ಸೋರೆಬುರುಡೆಯ ಚೂರಿನಲ್ಲಿ. ಬಿದಿರಿನ ಸೀಳುಗಳನ್ನು ಕಟ್ಟಿ ಹಿಡಿ ಮಾಡುತ್ತಾರೆ. ಬುರುಡೆಯ ಮೈ ಸಹಜವಾಗಿ ಬಾಗಿರುವುದರಿಂದ ನೇರವಾಗಿ ಒತ್ತಿದರೆ ನಡುಭಾಗ ಮಾತ್ರ ಮೂಡುತ್ತದೆ. ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೊರಳಿಸಿ ಎತ್ತಬೇಕು. ಹೊಸಬರ ಮುದ್ರೆಗಳೆಲ್ಲ ಅರ್ಧಚಂದ್ರವಾಗಿ ಬೀಳುವುದು ಇದೇ ಕಾರಣಕ್ಕೆ. ಕೆಳಗೆ ಹಾಸುವ ಹಲಗೆಗೂ ಮೆತ್ತನೆಯ ಹೊದಿಕೆ ಇರಬೇಕು.

ಚಿಹ್ನೆಗಳು ಘಾನಾದ ಗೋಡೆ, ಪ್ಲಾಸ್ಟಿಕ್ ಕುರ್ಚಿ, ಬ್ಯಾಂಕಿನ ಗೇಟು ಎಲ್ಲೆಡೆ ಸಿಗುತ್ತವೆ. ‘ಗ್ಯೆ ನ್ಯಾಮೆ’ ದೇವರನ್ನು ಬಿಟ್ಟು ಬೇರಿಲ್ಲ ಎನ್ನುತ್ತದೆ. ‘ಸಂಕೊಫಾ’ದಲ್ಲಿ ಹಕ್ಕಿ ಹಿಂದಕ್ಕೆ ಕತ್ತು ತಿರುಗಿಸಿ ಮರೆತದ್ದನ್ನು ಎತ್ತಿಕೊಳ್ಳುತ್ತದೆ. ಮೂಲದಲ್ಲಿ ಇದು ಸಾವಿನ ಮನೆಯ ಬಟ್ಟೆ: ಕಪ್ಪು, ಕೆಂಪು, ಕಂದು ನೆಲದ ಮೇಲೆ ಕಪ್ಪು ಮುದ್ರೆ. ಬಿಳಿ ನೆಲದ್ದು ಹಬ್ಬಕ್ಕೆ. ಇಲ್ಲಿಂದ ಕಂದು ಬಟ್ಟೆ ಒಯ್ದು ಘಾನಾದವರ ಮದುವೆಗೆ ಉಟ್ಟು ಹೋಗುವ ಯೋಚನೆ ಇದ್ದರೆ ಬಿಡುವುದು ಲೇಸು. ಥಾಮಸ್ ಬೌಡಿಚ್ ಎಂಬ ಇಂಗ್ಲಿಷಿನವ 1817ರಲ್ಲಿ ಒಯ್ದ ಒಂದು ಅಡಿಂಕ್ರಾ ಈಗಲೂ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಹಳೆಯ ಪದ್ಧತಿಯ ಶಾಯಿ ತೊಳೆದರೆ ಬಿಡುತ್ತದೆ, ನೆರಳಲ್ಲಿ ಗಾಳಿಗೆ ಹಾಕಿ ಮಡಚಿಡಬೇಕು.

ಇನ್ನೊಂದು ಸಂಗತಿ ಕಣ್ತಪ್ಪಬಾರದು. ಒಳ್ಳೆಯ ಅಡಿಂಕ್ರಾದ ತುಂಡುಗಳನ್ನು ಕೂಡಿಸುವ ಜಾಗದಲ್ಲಿ ಕೆಂಪು, ಹಳದಿ, ಹಸಿರು, ನೀಲಿ ದಾರದ ಒತ್ತಾದ ಕಸೂತಿ ಇರುತ್ತದೆ, ಹೆಸರು ‘ನ್ವೊಮು’. ಗಿರಣಿಯ ಅಗಲ ಬಟ್ಟೆ ಸಿಗುತ್ತಿದ್ದರೂ ಅದನ್ನು ಸೀಳಿ, ಮತ್ತೆ ಕೂಡಿಸಿ, ಆ ಕೂಡಿಕೆಯನ್ನೇ ಅಲಂಕಾರ ಮಾಡುತ್ತಾರೆ. ಪಟ್ಟಿ ಪಟ್ಟಿಯಾಗಿದ್ದರೇ ಬಟ್ಟೆ ಎಂಬ ಕಣ್ಣಿನ ರೂಢಿ ಅಷ್ಟು ಆಳ. ಈ ಪ್ರವಾಸದುದ್ದಕ್ಕೂ ನೋಡುತ್ತ ಹೋಗಬೇಕಾದ್ದು ಈ ಕೂಡಿಕೆಯನ್ನೇ. ಬಣ್ಣ, ಚಿತ್ತಾರ ಊರಿಂದ ಊರಿಗೆ ಬದಲಾಗುತ್ತವೆ. ಅಂಗೈಯಗಲದ ಪಟ್ಟಿ ಮತ್ತು ಅದನ್ನು ಸೇರಿಸುವ ಹೊಲಿಗೆ ನಾಲ್ಕು ದೇಶ ದಾಟಿದರೂ ಬದಲಾಗುವುದಿಲ್ಲ.

ಐದನೆಯ ದಿನ: ಅನೊಮಾಬು

ಕುಮಾಸಿಯಿಂದ ದಕ್ಷಿಣಕ್ಕೆ ಇಳಿದು ಫಾಂಟೆ ಜನರ ಕರಾವಳಿ. ‘ಅಸಾಫೊ’ ಎಂಬ ಹಳೆಯ ಊರಗಾವಲು ದಳಗಳ ಧ್ವಜಗಳಿಗಾಗಿ ಈ ಸುತ್ತು. ಬಣ್ಣದ ಬಟ್ಟೆ ಕತ್ತರಿಸಿ ಹೊಲಿದ ಮೊಸಳೆ, ಹಡಗು, ರೈಲು, ಆನೆ. ಒಂದೊಂದೂ ಎದುರಾಳಿ ದಳಕ್ಕೆ ಹಾಕಿದ ಸವಾಲು. ಧ್ವಜವನ್ನು ಬೀಸಿ ಕುಣಿಯುವುದರಿಂದ ಎರಡೂ ಮುಖದಲ್ಲಿ ಚಿತ್ರ ಬೇಕು, ಹೀಗಾಗಿ ಆಕೃತಿಗಳನ್ನು ಎರಡೆರಡು ಕತ್ತರಿಸಿ ಬೆನ್ನಿಗೆ ಬೆನ್ನು ಹೊಲಿಯುತ್ತಾರೆ. ಕಾಲ ಗುರುತಿಸಲು ಮೂಲೆ ನೋಡಬೇಕು: ಅಲ್ಲಿ ಬ್ರಿಟಿಷ್ ಬಾವುಟವಿದ್ದರೆ 1957ಕ್ಕೆ ಮುಂಚಿನದು, ಘಾನಾ ಬಾವುಟವಿದ್ದರೆ ಆಮೇಲಿನದು. ಇದು ಗೊತ್ತಿರುವ ಅಂಗಡಿಯವರು ಹೊಸ ಧ್ವಜಕ್ಕೂ ಬ್ರಿಟಿಷ್ ಬಾವುಟ ಹಚ್ಚಿ, ಚಹಾ ನೀರಲ್ಲಿ ಅದ್ದಿ ಹಳೆಯದೆಂದು ಮಾರುವುದುಂಟು. ಹೊಲಿಗೆಯ ದಾರ ಪಾಲಿಯೆಸ್ಟರ್ ಆಗಿ ಹೊಳೆಯುತ್ತಿದ್ದರೆ ಅನುಮಾನಿಸಿ. ದಳಗಳ ಗುಡಿಗಳನ್ನು, ‘ಪೊಸುಬಾನ್’, ಹೊರಗಿನಿಂದ ನೋಡಬಹುದು. ಫೋಟೊ ತೆಗೆಯುವ ಮೊದಲು ಹಿರಿಯರನ್ನು ಕೇಳಬೇಕು, ಕಾಣಿಕೆ ಕೊಡಬೇಕು. ಎಡಗೈಯಲ್ಲಿ ಕೊಡಬಾರದು ಎಂಬುದು ನಮಗೆ ಹೇಳಬೇಕಾದ ಮಾತಲ್ಲ.

ರಾತ್ರಿ ಅಕ್ರಾ.

ಆರನೆಯ ದಿನ: ಅಗ್ಬೊಜುಮೆ, ಗಡಿ

ಟೋಗೊ ಗಡಿಯ ಹತ್ತಿರದ ಅಗ್ಬೊಜುಮೆಯಲ್ಲಿ ನಾಲ್ಕು ದಿನಕ್ಕೊಮ್ಮೆ ಸಂತೆ. ಇಡೀ ಪ್ರವಾಸದ ದಿನಾಂಕಗಳನ್ನು ಈ ಸಂತೆಗೆ ಹೊಂದಿಸಿಯೇ ಹಾಕಬೇಕು, ಯಾಕೆಂದರೆ ಎವೆ ಜನರ ಕೆಂಟೆ ಇಷ್ಟು ರಾಶಿಯಾಗಿ ಒಂದೆಡೆ ಬೇರೆಲ್ಲೂ ಸಿಗದು. ನೇಕಾರರು ಪಟ್ಟಿಗಳನ್ನು ಸುರುಳಿ ಸುತ್ತಿ ತಂದು ಬೆಳಗಾಗುವ ಮೊದಲೇ ವ್ಯಾಪಾರಕ್ಕೆ ಇಳಿಯುತ್ತಾರೆ, ಬಿಸಿಲೇರಿದ ಮೇಲೆ ಹೋದವರಿಗೆ ಉಳಿದದ್ದೇ ಗತಿ. ಅಶಾಂಟಿಯವರ ಚಿನ್ನ, ಹಸಿರು, ಕೆಂಪು ಇಲ್ಲಿಲ್ಲ. ಹತ್ತಿ ನೂಲು, ತಣ್ಣನೆಯ ನೀಲಿ, ಕಂದು. ಅಶಾಂಟಿ ಕೆಂಟೆ ಬರೀ ರೇಖಾಕೃತಿ. ಎವೆ ಪಟ್ಟಿಯಲ್ಲಿ ಮೀನು, ಹಕ್ಕಿ, ಕುರ್ಚಿ, ಕೈ ಮೂಡುತ್ತವೆ. ಎರಡು ಬಣ್ಣದ ನೂಲನ್ನು ಹುರಿಗೊಳಿಸಿ ಹೊಕ್ಕು ಮಾಡುವುದರಿಂದ ಚೌಕದೊಳಗೆ ಚುಕ್ಕೆ ಚುಕ್ಕೆಯ ಮಿನುಗು ಬರುತ್ತದೆ. ಮಗ್ಗ, ಕಲ್ಲು ಹೇರಿದ ಜಾರುಬಂಡಿ, ಪಟ್ಟಿಯ ಅಗಲ ಬೊನ್ವಿರೆಯಲ್ಲಿ ಕಂಡದ್ದೇ. ಯಾರು ಯಾರಿಂದ ಕಲಿತರು ಎಂಬ ಜಗಳಕ್ಕೆ ಎರಡೂ ಕಡೆ ಉತ್ಸಾಹವಿದೆ, ದೂರ ನಿಂತು ಕೇಳುವುದು ಒಳ್ಳೆಯದು.

ಇದೇ ಸೀಮೆಯ ಅನ್ಯಾಕೊದಲ್ಲಿ 1944ರಲ್ಲಿ ಹುಟ್ಟಿದವರು ಶಿಲ್ಪಿ ಎಲ್ ಅನಾಟ್ಸುಯಿ. ಮದ್ಯದ ಸೀಸೆಯ ಮುಚ್ಚಳಗಳನ್ನು ಬಡಿದು ಚಪ್ಪಟೆ ಮಾಡಿ, ತಾಮ್ರದ ತಂತಿಯಲ್ಲಿ ಪೋಣಿಸಿ, ಗೋಡೆಗಾತ್ರದ ಲೋಹದ ಬಟ್ಟೆ ಮಾಡುತ್ತಾರೆ. ಅವರ ತಂದೆ ಕೆಂಟೆ ನೇಯುತ್ತಿದ್ದರು. ಘಾನಾದ ಈ ನೇಕಾರರ ಮಗ 1975ರಿಂದ ನೆಲೆಸಿ ಕೆಲಸ ಮಾಡಿದ್ದು ನೈಜೀರಿಯಾದ ನ್ಸುಕ್ಕಾದಲ್ಲಿ, ವೆನಿಸ್ ದ್ವೈವಾರ್ಷಿಕದಲ್ಲಿ ಜೀವಮಾನದ ಸಾಧನೆಗೆ ಚಿನ್ನದ ಸಿಂಹ ಪಡೆದದ್ದು 2015ರಲ್ಲಿ. ಸಂತೆಯಲ್ಲಿ ಸುರುಳಿ ಬಿಚ್ಚಿ ಹರಡಿದ ಪಟ್ಟಿಗಳನ್ನು ನೋಡಿದ ಮೇಲೆ ಅವರ ಕೃತಿಗಳಲ್ಲಿ ಲೋಹಕ್ಕಿಂತ ಮೊದಲು ಕೂಡಿಕೆಯೇ ಕಣ್ಣಿಗೆ ಬೀಳುತ್ತದೆ.

ಅಫ್ಲಾವೊ ಗಡಿಯನ್ನು ನಡೆದೇ ದಾಟುವುದು. ಆಚೆ ಕಾಲಿಟ್ಟರೆ ಅದೇ ಟೋಗೊದ ರಾಜಧಾನಿ ಲೋಮೆ. ಎರಡೂ ಕಡೆ ಎವೆ ಮಾತು; ಸರ್ಕಾರಿ ಭಾಷೆ ಮಾತ್ರ ಇಂಗ್ಲಿಷಿನಿಂದ ಫ್ರೆಂಚಿಗೆ, ದುಡ್ಡು ಸೇಡಿಯಿಂದ ಸಿಎಫ್‌ಎ ಫ್ರಾಂಕ್‌ಗೆ ಬದಲಾಗುತ್ತದೆ. ಉಳಿದ ಸೇಡಿಯನ್ನು ಇಲ್ಲೇ ಖಾಲಿ ಮಾಡಬೇಕು, ಮುಂದೆ ಯಾರೂ ಒಳ್ಳೆಯ ದರಕ್ಕೆ ತೆಗೆದುಕೊಳ್ಳುವುದಿಲ್ಲ. ಸಿಎಫ್‌ಎ ಬೆನಿನ್‌ನಲ್ಲೂ ನಡೆಯುತ್ತದೆ.

ಏಳನೆಯ ದಿನ: ಲೋಮೆ

ಲೋಮೆಯ ದೊಡ್ಡ ಮಾರುಕಟ್ಟೆ ಕೆಥೆಡ್ರಲ್ ಸುತ್ತ ಹರಡಿದೆ. 2013ರ ಜನವರಿಯ ಬೆಂಕಿಯಲ್ಲಿ ಇದರ ಬಹುಭಾಗ ಸುಟ್ಟಿತು. ‘ವ್ಯಾಕ್ಸ್’ ಎಂಬ ಬಣ್ಣದ ಅಚ್ಚಿನ ಬಟ್ಟೆಯ ವ್ಯಾಪಾರಕ್ಕೆ ಪಶ್ಚಿಮ ಆಫ್ರಿಕಾದ ಕೇಂದ್ರವಾಗಿದ್ದ ಊರು ಇದು. ಡಚ್ಚರ ಹೆಲ್ಮೊಂಡ್ ಊರಿನಲ್ಲಿ 1846ರಲ್ಲಿ ಶುರುವಾದ ವ್ಲಿಸ್ಕೊ ಕಂಪನಿಯ ಬಟ್ಟೆಯನ್ನು ಸಗಟಾಗಿ ತರಿಸಿ, ನಮೂನೆಗಳ ಮೇಲೆ ಏಕಸ್ವಾಮ್ಯ ಪಡೆದು ಮಾರಿದ ಇಲ್ಲಿಯ ಹೆಂಗಸರು ಮರ್ಸಿಡಿಸ್ ಕಾರಿನಲ್ಲಿ ಓಡಾಡುತ್ತಿದ್ದರು, ಅದಕ್ಕೇ ‘ನಾನಾ ಬೆಂಜ್’ ಎಂದು ಹೆಸರು. 1994ರ ಜನವರಿಯಲ್ಲಿ ಸಿಎಫ್‌ಎ ಬೆಲೆ ಒಂದೇ ಏಟಿಗೆ ಅರ್ಧಕ್ಕೆ ಇಳಿಯಿತು, ಡಚ್ ಬಟ್ಟೆಯ ದರ ಗಿರಾಕಿಗಳ ಕೈಗೆಟುಕದಾಯಿತು, ಆ ಸಂದಿನಲ್ಲಿ ಚೀನಾದ ನಕಲು ನುಗ್ಗಿತು.

ಅಸಲಿ ಗುರುತಿಸುವುದಕ್ಕೆ ತಯಾರಿಕೆ ಗೊತ್ತಿರಬೇಕು. ತಾಮ್ರದ ಉರುಳೆಗಳಿಂದ ಬಟ್ಟೆಯ ಎರಡೂ ಮೈಗೆ ಬಿಸಿ ರಾಳದ ಚಿತ್ತಾರ ಹಚ್ಚುತ್ತಾರೆ. ರಾಳ ಒಣಗಿ ಬಿರುಕುಬಿಟ್ಟ ಬಟ್ಟೆಯನ್ನು ನೀಲಿಯಲ್ಲಿ ಹಾಯಿಸಿದಾಗ ಬಿರುಕುಗಳಿಗೆ ಬಣ್ಣ ಇಳಿದು ಕೂದಲೆಳೆಯ ಗೆರೆಗಳು ಉಳಿಯುತ್ತವೆ. ರಾಳ ತೊಳೆದ ಮೇಲೆ ಮಿಕ್ಕ ಬಣ್ಣ. ಜಾವಾದ ಬಾಟಿಕ್ ಅನ್ನು ಯಂತ್ರದಲ್ಲಿ ಅನುಕರಿಸಹೊರಟ ಡಚ್ಚರಿಗೆ ಈ ಬಿರುಕು ದೋಷವಾಗಿತ್ತು, ಇಲ್ಲಿಯ ಗಿರಾಕಿಗೆ ಅದೇ ಸೊಗಸಾಯಿತು. ಪರೀಕ್ಷೆ ಹೀಗೆ: ಒಂದೇ ಹೂವು ಎರಡು ಸಲ ಬಂದಿರುವ ಜಾಗ ಹುಡುಕಿ, ಎರಡನ್ನೂ ಪಕ್ಕಪಕ್ಕ ಮಡಚಿ ಹಿಡಿಯಿರಿ. ಬಿರುಕಿನ ಗೆರೆಗಳು ಎರಡರಲ್ಲೂ ಬೇರೆ ಬೇರೆಯಾಗಿದ್ದರೆ ರಾಳದ ಕೆಲಸ. ಅಚ್ಚುಮೆಚ್ಚಾಗಿ ಒಂದೇ ಥರ ಇದ್ದರೆ ಬಿರುಕನ್ನೂ ಮುದ್ರಿಸಿದ್ದಾರೆ. ಆಮೇಲೆ ಹಿಂಬದಿ; ಅಸಲಿಯಲ್ಲಿ ಎರಡು ಮುಖಕ್ಕೂ ವ್ಯತ್ಯಾಸವೇ ಇರದು. ಅಂಚಿನಲ್ಲಿ ಮುದ್ರಿಸಿದ ಕಂಪನಿ ಹೆಸರನ್ನು ನಂಬಬಾರದು, ನಕಲು ಮಾಡಲು ಎಲ್ಲಕ್ಕಿಂತ ಸುಲಭವಾದ್ದು ಅದೇ.

ಅಳತೆ ಗಜದಲ್ಲಿ. 2 ಗಜ ಒಂದು ‘ಪಾನ್ಯೆ’, 12 ಗಜ ಪೂರ್ತಿ ಪೀಸು, 6 ಗಜ ಅರ್ಧ. ಹೆಂಗಸಿನ ಒಂದು ಜೊತೆಗೆ, ಅಂದರೆ ರವಿಕೆ, ಉಡುವ ತುಂಡು, ಸೊಂಟಕ್ಕೋ ತಲೆಗೋ ಇನ್ನೊಂದು ತುಂಡು, ಮೂರು ಪಾನ್ಯೆ ಬೇಕು. ಬಿಡಿ ಪಾನ್ಯೆ ಕತ್ತರಿಸಿ ಕೊಡುವವರು ಕಡಿಮೆ. ಇಲ್ಲಿಯ ಹೆಸರುಗಳಿಗೆ ಖಾರ ಜಾಸ್ತಿ: ತೆರೆದ ಪಂಜರದಿಂದ ಹಕ್ಕಿ ಹಾರುವ ನಮೂನೆಗೆ ‘ನೀ ಹೊರಗೆ ಹೋದರೆ ನಾನೂ ಹೋಗುತ್ತೇನೆ’, ಇನ್ನೊಂದಕ್ಕೆ ‘ಸವತಿಯ ಕಣ್ಣು’. ಗಂಡನಿಗೆ ಬಾಯಿಬಿಟ್ಟು ಹೇಳದ್ದನ್ನು ಉಟ್ಟು ಹೇಳುವುದು.

ಡಚ್ಚರ ಬಟ್ಟೆ ಆಫ್ರಿಕಾದ್ದು ಹೇಗಾದೀತು ಎಂದು ಕೇಳುವವರು ಎಲ್ಲ ಕಾಲಕ್ಕೂ ಇದ್ದಾರೆ. ಆಯ್ದವರು, ಹೆಸರಿಟ್ಟವರು, ಉಟ್ಟವರು ಇಲ್ಲಿಯವರು. ಬೇಡವೆಂದದ್ದು ಹೆಲ್ಮೊಂಡ್‌ನ ಗೋದಾಮಿನಲ್ಲೇ ಕೊಳೆಯಿತು. ಅಷ್ಟು ಸಾಕು.

ಎಂಟನೆಯ ದಿನ: ವಿದಾ

ಟೋಗೊ ಕರಾವಳಿ 56 ಕಿ.ಮೀ. ಮಾತ್ರ, ಒಂದೂವರೆ ಗಂಟೆಯಲ್ಲಿ ದೇಶ ಮುಗಿದು ಹಿಲ್ಲಾ ಕೊಂಜಿ ಗಡಿ. ಬೆನಿನ್‌ನ ವಿದಾದಲ್ಲಿ ಹಳೆಯ ಅಜಾವೊನ್ ಬಂಗಲೆಯೊಳಗೆ ಜಿನ್ಸು ಪ್ರತಿಷ್ಠಾನ ನಡೆಸುವ ಸಮಕಾಲೀನ ಕಲೆಯ ವಸ್ತುಸಂಗ್ರಹಾಲಯ 2013ರಿಂದ ಇದೆ. ಇಲ್ಲಿಯ ಹಳೆಯ ಧರ್ಮವಾದ ವೋದುನ್‌ನ ಜನವರಿ 10ರ ಹಬ್ಬದ ಆಸುಪಾಸು ಬಂದರೆ ಎಗುಂಗುನ್ ವೇಷಗಳು ಬೀದಿಯಲ್ಲಿ ಸಿಗುತ್ತವೆ. ಪೂರ್ವಜರು ವೇಷವಾಗಿ ಬರುತ್ತಾರೆಂಬ ನಂಬಿಕೆ. ಮೈತುಂಬ ಬಟ್ಟೆಯ ಪಟ್ಟಿಗಳು ಜೋತಾಡುತ್ತವೆ: ಮಖಮಲ್ಲು, ನೇಯ್ದ ಪಟ್ಟಿ, ವ್ಯಾಕ್ಸ್, ಅಂಚಿಗೆ ಗರಗಸದ ಹಲ್ಲಿನಂಥ ಕೆಂಪು ಅಂಚು. ಹಳೆಯ ಪಟ್ಟಿ ತೆಗೆಯದೆ ಮೇಲಿಂದ ಹೊಸದು ಹೊಲಿಯುತ್ತ ಹೋಗುವುದರಿಂದ ತಲೆಮಾರು ಕಳೆದಂತೆ ವೇಷ ದಪ್ಪವಾಗುತ್ತದೆ. ಗಿರಕಿ ಹೊಡೆದಾಗ ಪಟ್ಟಿಗಳು ಎದ್ದು ಹಾರುತ್ತವೆ, ಅವು ಮೈಗೆ ತಾಗಬಾರದು. ಬಡಿಗೆ ಹಿಡಿದವರು ಜನರನ್ನು ಹಿಂದಕ್ಕೆ ತಳ್ಳುವುದು ಆಟಕ್ಕಲ್ಲ.

ಒಂಬತ್ತನೆಯ ದಿನ: ಅಬೊಮೆ

ಬೆನಿನ್‌ನ ದೊಡ್ಡ ಊರು ಕೊಟೊನುವಿನಿಂದ ಉತ್ತರಕ್ಕೆ ಸುಮಾರು 145 ಕಿ.ಮೀ. ದಹೊಮೆ ಅರಸರ ಮಣ್ಣಿನ ಅರಮನೆಗಳು 1985ರಿಂದ ವಿಶ್ವ ಪರಂಪರೆಯ ತಾಣ. ಫ್ರಾನ್ಸ್ 2021ರ ನವೆಂಬರಿನಲ್ಲಿ ಹಿಂದಿರುಗಿಸಿದ 26 ರಾಜವಸ್ತುಗಳು ಇಲ್ಲಿಂದ ಲೂಟಿಯಾದವೇ.

ಅಬೊಮೆಯ ತೇಪೆಚಿತ್ರಗಳು ಫಾಂಟೆ ಧ್ವಜಗಳ ಹತ್ತಿರದ ಸಂಬಂಧಿಗಳು. ಕಪ್ಪು ಅಥವಾ ಬಿಳಿ ನೆಲದ ಮೇಲೆ ಪ್ರತಿ ಅರಸನ ಲಾಂಛನ: ಗೆಜೊ ಅರಸನಿಗೆ ಕಾಡುಕೋಣ, ಗ್ಲೆಲೆಗೆ ಸಿಂಹ, ಫ್ರೆಂಚರೆದುರು ಸೋತ ಬೆಹಾಂಜಿನ್‌ಗೆ ಶಾರ್ಕ್. ಅಗೊಂಗ್ಲೊನದು ಅನಾನಸು, ಸಿಡಿಲು ತಾಳೆಮರಕ್ಕೆ ಬಡಿಯುತ್ತದೆ, ಅನಾನಸಿಗಲ್ಲ ಎಂಬ ಮಾತಿನಿಂದ. ಆಕೃತಿಯನ್ನು ಗೆರೆಯಿಂದ ಒಂದಿಷ್ಟು ಹೊರಗೆ ಕತ್ತರಿಸಿ, ಅಂಚನ್ನು ಒಳಕ್ಕೆ ಮಡಚುತ್ತ ಸೂಜಿಯಲ್ಲಿ ಸಣ್ಣ ಹೊಲಿಗೆ ಹಾಕುತ್ತಾರೆ. ಒಳಬಾಗಿದ ಕಡೆ, ಕೋಣದ ಕೊಂಬಿನ ಸಂದಿನಲ್ಲಿ, ಅಂಚಿಗೆ ಪುಟ್ಟ ಕತ್ತರಿ ಏಟು ಕೊಡದಿದ್ದರೆ ಬಟ್ಟೆ ಸುಕ್ಕಾಗುತ್ತದೆ. ಏಟು ಆಳವಾದರೆ ಅಲ್ಲಿಂದಲೇ ಎಳೆ ಬಿಚ್ಚುತ್ತದೆ. ಪ್ರವಾಸಿಗರಿಗೆಂದು ಅಂಟಿನಿಂದ ಹಚ್ಚಿದವೂ ಮಾರಾಟಕ್ಕಿವೆ. ಉಗುರಿನಿಂದ ಅಂಚು ಎತ್ತಿ ನೋಡಿದರೆ ತಿಳಿಯುತ್ತದೆ, ಅಂಟಿನದು ನಮ್ಮ ಮಳೆಗಾಲ ತಡೆಯುವುದಿಲ್ಲ.

ಹತ್ತನೆಯ ದಿನ: ಸೆಮೆ

ದಾರಿಯ ದಿನ. ನೈಜೀರಿಯಾ ಹೊಗುವ ಸೆಮೆ ಗಡಿಯಿಂದ ಲಾಗೋಸ್ ದೂರವಿಲ್ಲ, ಆದರೆ ತಪಾಸಣೆಯ ಅಡ್ಡಗಟ್ಟೆಗಳು ಎಡತಾಕುತ್ತಲೇ ಇರುತ್ತವೆ. ಬೆಳಿಗ್ಗೆ ಎಂಟಕ್ಕೆ ಗಡಿಯಲ್ಲಿದ್ದು, ಹಗಲಿನಲ್ಲೇ ಊರು ಸೇರಬೇಕು. ಹೊಸ ಬಟ್ಟೆಗಳನ್ನು ಒಂದೇ ದೊಡ್ಡ ಗಂಟು ಕಟ್ಟಿದರೆ ವ್ಯಾಪಾರದ ಮಾಲು ಎಂದು ಸುಂಕ ಕೇಳುತ್ತಾರೆ, ಉಡುಪುಗಳ ನಡುವೆ ಹಂಚಿಡುವುದು ಲೇಸು.

ಹನ್ನೊಂದನೆಯ ದಿನ: ಅಬೆಯೊಕುಟಾ

ಲಾಗೋಸ್‌ನಿಂದ ಇಬದಾನ್‌ಗೆ ಹೋಗುವ ಹೊಸ ರೈಲು ಅಬೆಯೊಕುಟಾದಲ್ಲಿ ನಿಲ್ಲುತ್ತದೆ. ರಸ್ತೆಯ ಗದ್ದಲಕ್ಕಿಂತ ಎಷ್ಟೋ ಮೇಲು. ಇಟೊಕು ಮಾರುಕಟ್ಟೆ ಈ ಸೀಮೆಯ ಯೊರುಬಾ ಜನರ ಹೆಂಗಸರು ನೀಲಿಯಲ್ಲಿ ಅದ್ದುವ ‘ಅಡಿರೆ’ ಬಟ್ಟೆಯದ್ದು. ದಾರ ಕಟ್ಟಿ ಅದ್ದಿದರೆ ‘ಒನಿಕೊ’. ಗಂಜಿಯಲ್ಲಿ ಚಿತ್ರ ಬರೆದು ಅದ್ದಿದರೆ ‘ಎಲೆಕೊ’.

ಎಲೆಕೊಗೆ ಮರಗೆಣಸಿನ ಹಿಟ್ಟನ್ನು ಪಟಿಕ ಸೇರಿಸಿ ಗಂಜಿ ಕಾಯಿಸಿ, ಕೋಳಿಗರಿಯ ಕಡ್ಡಿಯಲ್ಲಿ ಬಟ್ಟೆಯ ಒಂದೇ ಮುಖಕ್ಕೆ ಬರೆಯುತ್ತಾರೆ. ತಗಡಿನ ಅಚ್ಚಿನಿಂದ ತೀಡುವವರೂ ಇದ್ದಾರೆ. ಗಂಜಿ ಪೂರ್ತಿ ಒಣಗಬೇಕು. ಅರೆ ಒಣಗಿದ್ದು ಬಣ್ಣದ ನೀರಲ್ಲಿ ಕರಗುತ್ತದೆ, ಅತಿಯಾಗಿ ಒಣಗಿಸಿ ಮಡಚಿದರೆ ಸಿಡಿದು ಉದುರುತ್ತದೆ. ಬಣ್ಣ ‘ಎಲು’ ಎಂಬ ಬಳ್ಳಿಯ ಎಳೆ ಎಲೆಗಳದ್ದು. ಕುಟ್ಟಿ, ಉಂಡೆ ಕಟ್ಟಿ, ಒಣಗಿಸಿಟ್ಟದ್ದು. ತಳದಲ್ಲಿ ತೂತಿರುವ ಮಡಕೆಯಲ್ಲಿ ಬೂದಿ ತುಂಬಿ ಮೇಲಿಂದ ನೀರು ಹೊಯ್ದು ಕ್ಷಾರದ ನೀರು ಇಳಿಸಿ, ಅದರಲ್ಲಿ ಉಂಡೆಗಳನ್ನು ಹಾಕಿ ವಾರದ ಮಟ್ಟಿಗೆ ಹುಳಿಯಬಿಡುತ್ತಾರೆ. ಹದ ಬಂದ ಮಡಕೆಯ ನೀರು ಹಳದಿಹಸಿರು, ಮೇಲೆ ತಾಮ್ರಬಣ್ಣದ ಕೆನೆ. ಬಟ್ಟೆ ಮಡಕೆಯಿಂದ ಹಸಿರಾಗಿ ಏಳುತ್ತದೆ, ಗಾಳಿ ತಾಗುತ್ತಿದ್ದಂತೆ ಕಣ್ಣೆದುರೇ ನೀಲಿಗೆ ತಿರುಗುತ್ತದೆ. ಒಂದದ್ದಿಗೆ ತಿಳಿನೀಲಿ. ಕಡುನೀಲಿ ಬೇಕೆಂದರೆ ಅದ್ದಿ, ಆರಿಸಿ, ಮತ್ತೆ ಅದ್ದುತ್ತ ಹೋಗಬೇಕು. ಅದ್ದುವಾಗ ನೀರನ್ನು ಕಲಕಿದರೆ ಗಾಳಿ ಸೇರಿ ಮಡಕೆಯ ಶಕ್ತಿ ಕುಂದುತ್ತದೆ, ಬಟ್ಟೆಯನ್ನು ಮೆಲ್ಲಗೆ ಇಳಿಸಿ ಮೆಲ್ಲಗೆ ಎತ್ತುವುದು ಅದಕ್ಕೇ.

ಚಿತ್ರಗಳಲ್ಲಿ ಊರುಗಳ ಹೆಮ್ಮೆ ತುಂಬಿದೆ. ‘ಇಬದಾನ್‌ದುನ್’, ಇಬದಾನ್ ಸೊಗಸು, ಎಂಬ ನಮೂನೆಯಲ್ಲಿ ಆ ಊರಿನ ಮಾಪೊ ಸಭಾಂಗಣದ ಕಂಬಗಳಿವೆ. ಈಗ ಇಟೊಕುವಿನಲ್ಲಿ ಬಹುಪಾಲು ಸಿಗುವುದು ರಾಸಾಯನಿಕ ಬಣ್ಣದ, ಮೇಣದಲ್ಲಿ ಅಚ್ಚೊತ್ತಿದ ಬಹುವರ್ಣದ ಬಟ್ಟೆ. ಜೊತೆಗೆ ಹೊರದೇಶದ ಗಿರಣಿಗಳ ಅಚ್ಚಿನ ಅಡಿರೆ. ಎಲುವಿನ ನೀಲಿ ಬೇಕೆಂದು ಬಾಯಿಬಿಟ್ಟು ಕೇಳಬೇಕು. ಬಿಳಿ ಕರವಸ್ತ್ರ ಒದ್ದೆ ಮಾಡಿ ಉಜ್ಜಿದರೆ ಒಂದಿಷ್ಟು ನೀಲಿ ಹತ್ತುತ್ತದೆ, ಅದು ದೋಷವಲ್ಲ. ಮೊದಲ ಕೆಲವು ಸಲ ಬೇರೆಯಾಗಿ, ತಣ್ಣೀರಿನಲ್ಲಿ ತೊಳೆದರಾಯಿತು.

ಹನ್ನೆರಡನೆಯ ದಿನ: ಇಸೆಯಿನ್

ಇಸೆಯಿನ್‌ನ ಓಣಿಗಳಲ್ಲಿ ಹಾಸುಗಳು ಚಾಚಿಕೊಂಡಿವೆ, ತುದಿಗೆ ಜಾರುಬಂಡಿ, ಅದರ ಮೇಲೆ ಕಲ್ಲು. ಬೊನ್ವಿರೆ ಬಿಟ್ಟು ಮೂರು ಗಡಿ ದಾಟಿದರೂ ಯೊರುಬಾ ಗಂಡಸರು ನೇಯುವ ‘ಅಶೊ ಒಕೆ’ ಹುಟ್ಟುವುದು ಅದೇ ಬಗೆಯ ಮಗ್ಗದಲ್ಲಿ. ಚಿತ್ತಾರದ ಗಲಾಟೆ ಇಲ್ಲಿಲ್ಲ, ಗೆರೆಗಳ ಸಂಯಮವೇ ಬೆಲೆ. ‘ಎಟು’ ಕಪ್ಪೆನಿಸುವ ನೀಲಿಯ ಮೇಲೆ ಸಣ್ಣ ಬಿಳಿ ಗೆರೆ, ಗಿನಿಕೋಳಿಯ ಬಣ್ಣ. ‘ಸನ್ಯಾನ್’ ಕಾಡುರೇಷ್ಮೆಯ ತಿಳಿಗಂದು. ‘ಅಲಾರಿ’ ಕಡುಗೆಂಪು, ಅದರ ರೇಷ್ಮೆ ಹಿಂದೆ ಸಹಾರಾ ದಾಟಿ ಬರುತ್ತಿತ್ತು. ಇವತ್ತು ಸನ್ಯಾನ್ ಎಂದು ಮಾರುವುದರಲ್ಲಿ ಕಾಡುರೇಷ್ಮೆ ಅಪರೂಪ, ಬಣ್ಣ ಮಾತ್ರ ಸನ್ಯಾನ್. ಮಿಂಚುನೂಲು ಸೇರಿಸಿದ ಹೊಸ ಪಟ್ಟಿಗಳು ಹಗುರ, ಹೆಂಗಸರ ತಲೆಸುತ್ತು ‘ಗೆಲೆ’ಗೆ ಚೆನ್ನ, ಗಟ್ಟಿ ನೇಯ್ಗೆಯದು ಗಂಡಸರ ಅಗಲ ನಿಲುವಂಗಿ ‘ಅಗ್ಬಾಡಾ’ಕ್ಕೆ. ಅದನ್ನು ಕತ್ತರಿಸುವಾಗ ಇಲ್ಲಿಯ ದರ್ಜಿ ಪಟ್ಟಿಯ ಹೊಲಿಗೆಗಳನ್ನು ಮರೆಮಾಡುವುದಿಲ್ಲ, ಭುಜದಿಂದ ನೆಟ್ಟಗೆ ಇಳಿಯುವಂತೆ ನೋಡಿಕೊಳ್ಳುತ್ತಾನೆ.

ಪಶ್ಚಿಮ ಆಫ್ರಿಕಾದಲ್ಲಿ ಎಲ್ಲ ನೇಯ್ಗೆಯೂ ಪಟ್ಟಿಯದೇ ಎಂದುಕೊಳ್ಳಬಾರದು. ನೈಜೀರಿಯಾದ ಅಕ್ವೆಟೆಯ ಹೆಂಗಸರದ್ದು ನಿಲುವು ಮಗ್ಗ, ಬಟ್ಟೆಯೂ ಅಗಲ.

ಹದಿಮೂರನೆಯ ದಿನ: ಒಶೊಗ್ಬೊ

ಒಶುನ್ ನದಿಯ ದೇವರಕಾಡು, 75 ಹೆಕ್ಟೇರ್, 2005ರಿಂದ ವಿಶ್ವ ಪರಂಪರೆಯ ತಾಣ. ಆಸ್ಟ್ರಿಯಾದಿಂದ ಬಂದು ಇಲ್ಲೇ ಉಳಿದ ಸುಸಾನ್ ವೆಂಗರ್ (1915–2009) ಸ್ಥಳೀಯ ಗಾರೆಯವರು, ಬಡಗಿಗಳ ಜೊತೆ ಸೇರಿ ಕಟ್ಟಿದ ಶಿಲ್ಪಗಳು ಮರಗಳ ನಡುವೆ ನಿಂತಿವೆ. ಅಡಿರೆಯ ಗಂಜಿ ವಿದ್ಯೆಯನ್ನು ಕಲಿತು ಆಕೆ ದೊಡ್ಡ ಬಟ್ಟೆಚಿತ್ರಗಳನ್ನೂ ಮಾಡಿದರು. 1960ರ ದಶಕದ ಇಲ್ಲಿಯ ಕಲಾ ಕಮ್ಮಟಗಳಿಂದ ಟ್ವಿನ್ಸ್ ಸೆವೆನ್ ಸೆವೆನ್ ಎಂಬ ಹೆಸರಿನ ಚಿತ್ರಕಾರ, ಮಣಿಚಿತ್ರಗಳ ಜಿಮೊ ಬುರೈಮೊ ಬಂದರು. ಆಗಸ್ಟಿನ ಜಾತ್ರೆಗೆ ಬರುವವರು ವಸತಿಯನ್ನು ತಿಂಗಳುಗಳ ಮೊದಲೇ ನೋಡಿಕೊಳ್ಳಬೇಕು.

ಹದಿನಾಲ್ಕನೆಯ ದಿನ: ಲಾಗೋಸ್

ಲೆಕ್ಕಿಯ ನಿಕೆ ಗ್ಯಾಲರಿಯ ಮಹಡಿಗಳನ್ನು ಬೆಳಿಗ್ಗೆ ನೋಡಿ, ಮಧ್ಯಾಹ್ನ ಬಲೊಗುನ್ ಮಾರುಕಟ್ಟೆ. ಮದುವೆ, ಶವಸಂಸ್ಕಾರಗಳಿಗೆ ನೆಂಟರಿಷ್ಟರೆಲ್ಲ ಒಂದೇ ಬಟ್ಟೆ ಉಡುವ ‘ಅಶೊ ಎಬಿ’ ಪದ್ಧತಿಯಿಂದಾಗಿ ಇಲ್ಲಿ ನೂರಾರು ಜನಕ್ಕಾಗುವಷ್ಟನ್ನು ಒಂದೇ ಸಲಕ್ಕೆ ಎತ್ತುತ್ತಾರೆ. ಒಂದು ಪೀಸು ಕೇಳುವ ಗಿರಾಕಿಗೆ ತಾಳ್ಮೆ ಬೇಕು.

‘ಜಾರ್ಜ್’ ಎಂಬ ಬಟ್ಟೆ ಮಾರುವ ಸಾಲಿನಲ್ಲಿ ನಿಂತು ನೋಡಿದರೆ ಜರಿ, ಚೌಕುಳಿ ಎಲ್ಲ ಪರಿಚಿತ. ಮದ್ರಾಸಿನ ಸೇಂಟ್ ಜಾರ್ಜ್ ಕೋಟೆಯಿಂದ ಬಂದ ಹೆಸರಿದು. ತಮಿಳುನಾಡು, ಆಂಧ್ರದ ಮಗ್ಗಗಳಿಂದ ಶತಮಾನಗಳ ಕಾಲ ಇಲ್ಲಿಗೆ ಬಂದ ಚೌಕುಳಿ ಬಟ್ಟೆಯನ್ನು ನೈಜರ್ ನದೀಮುಖದ ಕಲಬಾರಿ ಜನ ‘ಇಂಜಿರಿ’ ಎನ್ನುತ್ತಾರೆ. ಆದರೆ ಬಂದದ್ದನ್ನು ಹಾಗೇ ಉಡುವವರಲ್ಲ ಅವರು. ಅವರ ಊರು ಬುಗುಮಾದ ಹೆಂಗಸರು ಸೂಜಿಯಿಂದ ಒಂದೊಂದೇ ಎಳೆ ಎತ್ತಿ, ಬ್ಲೇಡಿನಿಂದ ಕತ್ತರಿಸಿ, ಎಳೆದು ತೆಗೆಯುತ್ತಾರೆ. ಚೌಕುಳಿಯೊಳಗಿಂದ ಜಾಳಿಗೆಯಂಥ ಹೊಸ ಚಿತ್ತಾರ ಏಳುತ್ತದೆ, ಹೆಸರು ‘ಪೆಲೆಟೆ ಬಿಟೆ’. ಪಕ್ಕಪಕ್ಕದಲ್ಲೇ ಬಹಳ ಎಳೆ ತೆಗೆದರೆ ಬಟ್ಟೆ ಜಾಳಾಗಿ ಹರಿಯುತ್ತದೆ. ಯಂತ್ರದಲ್ಲಿ ನೇಯ್ದ ನಕಲನ್ನೂ ಅದೇ ಹೆಸರಿನಲ್ಲಿ ಮಾರುತ್ತಾರೆ. ಬಟ್ಟೆಯನ್ನು ಬೆಳಕಿಗೆ ಹಿಡಿದಾಗ ಕತ್ತರಿಸಿದ ಎಳೆಗಳ ಮೊಂಡು ತುದಿಗಳು ಬೆರಳಿಗೆ ಸಿಕ್ಕರೆ ಕೈಕೆಲಸ.

ಹೊಸ ಬಟ್ಟೆ ಒಯ್ಯಲು ಅಡ್ಡಿಯಿಲ್ಲ. ಹಳೆಯದಾಗಿ ಕಾಣುವ ಮರದ ಕೆತ್ತನೆ, ಮುಖವಾಡ, ಲೋಹದ ಮೂರ್ತಿಗಳಿಗೆ ಮಾತ್ರ, ಅವು ಮೊನ್ನೆ ಮಾಡಿದವೇ ಆಗಿದ್ದರೂ, ನೈಜೀರಿಯಾದ ವಸ್ತುಸಂಗ್ರಹಾಲಯ ಆಯೋಗದ ಪತ್ರ ಇಲ್ಲದೆ ವಿಮಾನ ನಿಲ್ದಾಣದಲ್ಲಿ ಬಿಡುವುದಿಲ್ಲ. ಪತ್ರಕ್ಕೆ ವಸ್ತು ಮತ್ತು ರಸೀದಿ ಎರಡನ್ನೂ ತೋರಿಸಬೇಕು. ಶನಿವಾರ ಕೊಂಡು ಭಾನುವಾರ ಹಾರುವವರಿಗೆ ಅದು ಸಿಗುವುದಿಲ್ಲ, ಹೀಗಾಗಿ ವಿಮಾನದ ಟಿಕೆಟ್ಟನ್ನು ವಾರದ ನಡುವಿಗೇ ತೆಗೆಸಿ.